ಕಾರಿನೊಳಗೆ ಪೆಟ್ರೋಲ್ ವಾಸನೆ: ಮೂಲವನ್ನು ಪತ್ತೆಹಚ್ಚಿ ಸರಿಪಡಿಸುವ ಬಗೆ

ಪ್ರಶ್ನೆ: ನನ್ನ ಪೆಟ್ರೋಲ್ ಕಾರಿಗೆ ಒಂಬತ್ತು ವರ್ಷವಾಗಿದೆ. ಕೆಲವು ವಾರಗಳಿಂದ ಕಾರಿನ ಒಳಗೆ ಪೆಟ್ರೋಲ್ ವಾಸನೆ ಬರುತ್ತಿದೆ. ಟ್ಯಾಂಕ್ ಪೂರ್ತಿ ತುಂಬಿಸಿದ ದಿನ ಜೋರಾಗಿರುತ್ತದೆ. ಅರ್ಧಕ್ಕೆ ಇಳಿದ ಮೇಲೆ ಬಹುಮಟ್ಟಿಗೆ ಹೋಗುತ್ತದೆ. ಹಿಂದಿನ ಸೀಟಿನಲ್ಲಿ ಕುಳಿತವರಿಗೇ ಹೆಚ್ಚು ತಿಳಿಯುತ್ತದೆ. ನಿಲ್ಲಿಸಿದ ಜಾಗದಲ್ಲಿ ಹನಿ ಕಾಣಿಸಿಲ್ಲ, ಚೆಕ್ ಎಂಜಿನ್ ದೀಪವೂ ಹೊತ್ತಿಲ್ಲ. ಟ್ಯಾಂಕಿನ ಮುಚ್ಚಳ ಹೊಸದು ಹಾಕಿಸಿದರೂ ಪ್ರಯೋಜನವಾಗಲಿಲ್ಲ. ಹೀಗೇ ಓಡಿಸಬಹುದೇ? ಎಲ್ಲಿಂದ ಹುಡುಕಲು ಆರಂಭಿಸಬೇಕು?

ಉತ್ತರ: ನೀವು ಕೊಟ್ಟಿರುವ ವಿವರದಲ್ಲೇ ಉತ್ತರದ ಮುಕ್ಕಾಲು ಪಾಲು ಇದೆ. ಟ್ಯಾಂಕ್ ತುಂಬಿದಾಗ ಹೆಚ್ಚುವ, ಮಟ್ಟ ಇಳಿದಂತೆ ತಗ್ಗುವ ಮತ್ತು ಹಿಂದಿನ ಸೀಟಿನ ಬಳಿ ಜೋರಾಗಿರುವ ವಾಸನೆಯ ಮೂಲ ಹೆಚ್ಚಿನ ಸಂದರ್ಭಗಳಲ್ಲಿ ಟ್ಯಾಂಕಿನ ಮೇಲ್ಭಾಗದಲ್ಲೇ ಇರುತ್ತದೆ. ಅದರಲ್ಲೂ ಮೊದಲ ಅನುಮಾನ ಹಿಂದಿನ ಸೀಟಿನ ಕೆಳಗಿರುವ, ಟ್ಯಾಂಕಿನಿಂದ ಎಂಜಿನ್ನಿಗೆ ಪೆಟ್ರೋಲ್ ತಳ್ಳುವ ಫ್ಯೂಯಲ್ ಪಂಪಿನ ಸೀಲಿನ ಮೇಲೆ. ಆದರೆ ಸೀಟು ಬಿಚ್ಚುವುದಕ್ಕೆ ಮುಂಚೆ, ಓಡಿಸಬಹುದೇ ಎಂಬ ಪ್ರಶ್ನೆಯನ್ನು ಮುಗಿಸಿಕೊಳ್ಳೋಣ.

ಪೆಟ್ರೋಲಿನ ಆವಿ ಗಾಳಿಯಲ್ಲಿ ಸುಮಾರು ಶೇ. 1.4ರಿಂದ 7.6ರಷ್ಟು ಬೆರೆತಾಗ ಕಿಡಿ ತಾಗಿದರೆ ಹೊತ್ತಿಕೊಳ್ಳುತ್ತದೆ. ನಮ್ಮ ಮೂಗು ಅದನ್ನು ಗುರುತಿಸುವುದಾದರೋ ಹತ್ತು ಲಕ್ಷ ಭಾಗ ಗಾಳಿಯಲ್ಲಿ ಒಂದು ಭಾಗಕ್ಕಿಂತಲೂ ಕಡಿಮೆ ಇರುವಾಗಲೇ. ಆದ್ದರಿಂದ ವಾಸನೆ ಬಂದ ಮಾತ್ರಕ್ಕೆ ಕಾರು ಈಗಲೇ ಹೊತ್ತಿ ಉರಿಯುವ ಸ್ಥಿತಿಯಲ್ಲಿದೆ ಎಂದು ಅರ್ಥವಲ್ಲ. ಹಾಗೆಂದು ಸಮಾಧಾನಪಟ್ಟು ಕೂರುವಂತೆಯೂ ಇಲ್ಲ, ಏಕೆಂದರೆ ಈ ಆವಿ ಗಾಳಿಗಿಂತ ಮೂರು-ನಾಲ್ಕು ಪಟ್ಟು ಭಾರ. ಅದು ಇಡೀ ಕಾರಿನಲ್ಲಿ ಸಮನಾಗಿ ಹರಡದೆ ಕಾಲಿಡುವ ಜಾಗದಲ್ಲಿ, ಸೀಟಿನ ಅಡಿಯಲ್ಲಿ, ಡಿಕ್ಕಿಯ ತಳದಲ್ಲಿ ತಂಗುತ್ತದೆ. ಅಲ್ಲಿಯೇ ವಿದ್ಯುತ್ ತಂತಿಗಳ ಜೋಡಣೆಗಳೂ ಇರುತ್ತವೆ. ಇದರ ಜೊತೆಗೆ, ಒಂದೇ ವಾಸನೆಯಲ್ಲಿ ಹತ್ತು ನಿಮಿಷ ಕುಳಿತರೆ ಮೂಗು ಅದಕ್ಕೆ ಒಗ್ಗಿಕೊಳ್ಳುತ್ತದೆ. ವಾಸನೆ ಕಡಿಮೆಯಾಯಿತು ಎಂದು ಚಾಲಕನಿಗೆ ಅನ್ನಿಸಿದಾಗ ವಾಸ್ತವದಲ್ಲಿ ಅದು ಹೆಚ್ಚಿರಲೂಬಹುದು.

ನಾನು ಪಾಲಿಸುವ ನಿಯಮ ಸರಳವಾದದ್ದು. ದ್ರವರೂಪದ ಪೆಟ್ರೋಲ್ ಎಲ್ಲಿಯಾದರೂ ಕಂಡರೆ, ಅದು ಒಂದೇ ಹನಿಯಾಗಿದ್ದರೂ, ಕಾರನ್ನು ಓಡಿಸಬಾರದು. ವಾಸನೆ ಇದ್ದಕ್ಕಿದ್ದಂತೆ ಜೋರಾದರೆ, ಕಣ್ಣು ಉರಿದರೆ, ತಲೆ ಸುತ್ತಿದರೆ ಅಥವಾ ಓಕರಿಕೆ ಬಂದರೆ ರಸ್ತೆಯ ಬದಿಗೆ ನಿಲ್ಲಿಸಿ, ಎಂಜಿನ್ ಆರಿಸಿ, ಎಲ್ಲರನ್ನೂ ಇಳಿಸಿ ದೂರ ಹೋಗಬೇಕು. ಒಮ್ಮೆ ನೋಡೋಣ ಎಂದು ಮತ್ತೆ ಸ್ಟಾರ್ಟ್ ಮಾಡದೆ ಕಾರನ್ನು ಎಳೆಸಿಕೊಂಡು ಹೋಗುವುದೇ ಸರಿ. ನಿಮ್ಮದು ಇವೆರಡೂ ಅಲ್ಲದ ನಡುವಿನ ಸ್ಥಿತಿ. ಗ್ಯಾರೇಜಿನವರೆಗೆ ಕಿಟಕಿ ಇಳಿಸಿಕೊಂಡು ಒಬ್ಬರೇ ಹೋಗಬಹುದು. ನಿತ್ಯದ ಓಡಾಟಕ್ಕೆ, ಅದರಲ್ಲೂ ಹಿಂದೆ ಮಕ್ಕಳನ್ನು ಕೂರಿಸಿಕೊಂಡು, ಬಳಸುವುದು ಬೇಡ. ಪೆಟ್ರೋಲಿನಲ್ಲಿರುವ ಬೆಂಜೀನ್ ಕ್ಯಾನ್ಸರ್‌ಕಾರಕವೆಂದು ದೃಢಪಟ್ಟಿರುವ ವಸ್ತು. ದುರಸ್ತಿಯಾಗುವವರೆಗೆ ಟ್ಯಾಂಕನ್ನು ಅರ್ಧಕ್ಕಿಂತ ಹೆಚ್ಚು ತುಂಬಿಸಬೇಡಿ, ಮತ್ತು ಕಾರನ್ನು ಬಯಲಿನಲ್ಲಿ ನಿಲ್ಲಿಸಿ. ಮುಚ್ಚಿದ ಕೋಣೆಯಲ್ಲಿ ನೆಲಕ್ಕಿಳಿದ ಆವಿ ಹರಿದುಹೋಗಿ ದೂರದ ಉರಿಯೊಂದನ್ನು ತಲುಪಬಲ್ಲದು.

ಇನ್ನು ಪತ್ತೆಯ ಕೆಲಸ. ಇಂಥ ದೂರು ಬಂದಾಗ ವಾಸನೆ ಎಲ್ಲಿಂದ ಬರುತ್ತಿದೆ ಎಂದು ಮೂಸಿ ಹುಡುಕುವುದಕ್ಕಿಂತ ಮೊದಲು ಅದು ಯಾವಾಗ ಬರುತ್ತದೆ ಎಂದು ವಿಚಾರಿಸುವುದು ಹೆಚ್ಚು ಫಲ ಕೊಡುತ್ತದೆ. ಇಂಧನ ವ್ಯವಸ್ಥೆಯ ಒಂದೊಂದು ಭಾಗಕ್ಕೂ ಅದರ ವೇಳೆಯಿದೆ. ಟ್ಯಾಂಕಿನ ಮೇಲ್ಭಾಗ ಸೋರುವುದು ತುಂಬಿದಾಗ. ಎಂಜಿನ್ನಿಗೆ ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರುಗಳ ಓ-ರಿಂಗ್ (ಸೋರದಂತೆ ತಡೆಯುವ ರಬ್ಬರ್ ಬಳೆ) ಗಡಸಾಗಿದ್ದರೆ ಅದು ಸೋರುವುದು ತಣ್ಣನೆಯ ಎಂಜಿನ್ ಸ್ಟಾರ್ಟ್ ಮಾಡಿದ ಮೊದಲ ಕೆಲವು ನಿಮಿಷ ಮಾತ್ರ. ಲೋಹ ಬಿಸಿಯಾಗಿ ಹಿಗ್ಗಿದೊಡನೆ ಸೋರಿಕೆ ನಿಂತುಹೋಗುತ್ತದೆ, ಗ್ಯಾರೇಜಿಗೆ ಹೋಗಿ ತೋರಿಸುವ ಹೊತ್ತಿಗೆ ಏನೂ ಇರುವುದಿಲ್ಲ. ಇಂಥ ಕಾರನ್ನು ರಾತ್ರಿಯೇ ಗ್ಯಾರೇಜಿನಲ್ಲಿ ಬಿಟ್ಟು ಬೆಳಿಗ್ಗೆ ಅವರೇ ಮೊದಲ ಸಲ ಸ್ಟಾರ್ಟ್ ಮಾಡುವಂತೆ ಹೇಳಬೇಕು. ಬಿಸಿಲಿನಲ್ಲಿ ನಿಂತ ಮೇಲೆ ಬರುವ ವಾಸನೆ ಆವಿಯನ್ನು ಹಿಡಿದಿಡುವ ವ್ಯವಸ್ಥೆಯ ಕಡೆಗೆ ಬೆರಳು ತೋರಿಸುತ್ತದೆ. ಓಡುವಾಗ ಮಾತ್ರ, ಅದೂ ಕಿಟಕಿ ತೆರೆದಿದ್ದಾಗ ಬರುವುದಾದರೆ ಹೊಗೆ ಕೊಳವೆಯ ಅನಿಲ ಹಿಂದಿನಿಂದ ಒಳಗೆ ಎಳೆಯಲ್ಪಡುತ್ತಿರಬಹುದು.

ಮುಂದೆಯೋ ಹಿಂದೆಯೋ ಎಂದು ಖಚಿತಪಡಿಸಿಕೊಳ್ಳಲು ಉಪಕರಣವೇ ಬೇಡದ ಒಂದು ಪರೀಕ್ಷೆಯಿದೆ. ಹೊರಗಿನ ಗಾಳಿ ಕಾರಿನೊಳಗೆ ಬರುವುದು ಸಾಮಾನ್ಯವಾಗಿ ಮುಂದಿನ ಗಾಜಿನ ಬುಡದಲ್ಲಿ, ಬಾನೆಟ್ಟಿನ ಹಿಂಭಾಗಕ್ಕೆ ಅಂಟಿಕೊಂಡಂತಿರುವ ಜಾಲರಿಯ ಮೂಲಕ. ಕಿಟಕಿಗಳನ್ನೆಲ್ಲ ಮುಚ್ಚಿ, ಫ್ಯಾನನ್ನು ಮಧ್ಯಮ ವೇಗದಲ್ಲಿಟ್ಟು, ಹೊರಗಿನ ಗಾಳಿ ಬರುವಂತೆ ಮಾಡಿ. ವಾಸನೆ ಹೆಚ್ಚಾದರೆ ಮೂಲ ಎಂಜಿನ್ ಕೋಣೆಯಲ್ಲಿದೆ. ಬದಲಾಗಿ ವಾಸನೆ ಕಡಿಮೆಯಾಗಿ, ಒಳಗಿನ ಗಾಳಿಯನ್ನೇ ತಿರುಗಿಸುವ ಸ್ಥಿತಿಗೆ ಬದಲಿಸಿದಾಗ ಮತ್ತೆ ಹೆಚ್ಚಾದರೆ ಮೂಲ ಹಿಂದೆ ಅಥವಾ ಒಳಗೇ ಇದೆ. ಹೊರಗಾಳಿ ಒಳಗೆ ನುಗ್ಗುವಾಗ ಉಂಟಾಗುವ ಅಲ್ಪ ಒತ್ತಡ ಹಿಂದಿನ ಸಂದುಗಳಿಂದ ಆವಿ ನುಸುಳುವುದನ್ನು ತಡೆಯುತ್ತದೆ, ಆ ಒತ್ತಡ ಇಲ್ಲವಾದಾಗ ಆವಿ ಒಳಗೆ ಬರುತ್ತದೆ. ಪರೀಕ್ಷೆ ಮಾಡುವವರು ಕಾರಿನಲ್ಲಿ ಆಗಲೇ ಪ್ರಯಾಣ ಮಾಡಿದವರಾಗಿರಬಾರದು. ಹೊರಗಿದ್ದು ಬಂದವರ ಮೂಗು ಬೇಕು, ಮತ್ತು ಅವರು ಬಗ್ಗಿ ನೆಲದ ಮಟ್ಟದಲ್ಲಿ ಮೂಸಿ ನೋಡಬೇಕು.

ದೀಪ ಹೊತ್ತಿಲ್ಲ ಎಂಬ ನಿಮ್ಮ ಮಾತಿನ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಅನೇಕರು ಅದನ್ನೇ ನಂಬಿ ಸುಮ್ಮನಾಗುತ್ತಾರೆ. ಟ್ಯಾಂಕಿನ ಆವಿ ಹೊರಗೆ ಹೋಗದಂತೆ ಅದನ್ನು ಇದ್ದಿಲು ತುಂಬಿದ ಕ್ಯಾನಿಸ್ಟರಿನಲ್ಲಿ ಹಿಡಿದಿಟ್ಟು, ಎಂಜಿನ್ ಓಡುವಾಗ ಪರ್ಜ್ ವಾಲ್ವಿನ ಮೂಲಕ ಎಳೆದು ಉರಿಸಿಬಿಡುವ ಏರ್ಪಾಡು ಇಂದಿನ ಪೆಟ್ರೋಲ್ ಕಾರುಗಳಲ್ಲಿದೆ. ಅಮೆರಿಕದ ನಿಯಮಗಳಿಗೆ ತಕ್ಕಂತೆ ತಯಾರಾದ ಕಾರುಗಳಲ್ಲಿ ಕಂಪ್ಯೂಟರ್ ಈ ಏರ್ಪಾಡಿನ ಬಿಗಿಯನ್ನು ತಾನೇ ಪರೀಕ್ಷಿಸುತ್ತದೆ, 1 ಮಿ.ಮೀ. ರಂಧ್ರಕ್ಕೆ ಸಮನಾದ ಸೋರಿಕೆಗೆ ಪಿ0442, ಅರ್ಧ ಮಿ.ಮೀ. ರಂಧ್ರಕ್ಕೆ ಸಮನಾದದ್ದಕ್ಕೆ ಪಿ0456, ದೊಡ್ಡದಕ್ಕೆ ಪಿ0455 ಎಂಬ ಸಂಕೇತಗಳು ದಾಖಲಾಗಿ ದೀಪ ಹೊತ್ತುತ್ತದೆ. ಆದರೆ ಬೇರೆ ಮಾರುಕಟ್ಟೆಗಳ ಅನೇಕ ಕಾರುಗಳಲ್ಲಿ ಈ ಸೋರಿಕೆ ಪರೀಕ್ಷೆಯೇ ಇಲ್ಲ. ಇರುವ ಕಾರುಗಳಲ್ಲಿಯೂ ಟ್ಯಾಂಕ್ ಸುಮಾರು ಶೇ. 15ಕ್ಕಿಂತ ಕಡಿಮೆ ಅಥವಾ 85ಕ್ಕಿಂತ ಹೆಚ್ಚು ತುಂಬಿರುವಾಗ ಸಾಮಾನ್ಯವಾಗಿ ಪರೀಕ್ಷೆ ನಡೆಯುವುದಿಲ್ಲ. ನಿಮ್ಮ ಸೋರಿಕೆ ಎದ್ದು ಕಾಣುವುದೇ ಟ್ಯಾಂಕ್ ತುಂಬಿದಾಗ. ಎಲ್ಲಕ್ಕಿಂತ ಮುಖ್ಯವಾಗಿ, ಆ ಪರೀಕ್ಷೆ ಆವಿಯ ಮಾರ್ಗಕ್ಕೆ ಮಾತ್ರ ಸಂಬಂಧಿಸಿದ್ದು. ಪಂಪಿನಿಂದ ಎಂಜಿನ್ನಿಗೆ ಒತ್ತಡದಲ್ಲಿ ಹೋಗುವ ಪೆಟ್ರೋಲ್ ಪೈಪು ಬಿರಿದಿದ್ದರೆ ಅದು ಈ ಪರೀಕ್ಷೆಗೆ ಕಾಣುವುದೇ ಇಲ್ಲ. ಹಾಗಾಗಿ ಹೊತ್ತಿದ ದೀಪ ಒಂದು ಸುಳಿವು ಕೊಡಬಹುದು, ಹೊತ್ತದ ದೀಪ ಯಾವ ಭರವಸೆಯನ್ನೂ ಕೊಡುವುದಿಲ್ಲ. ಮುಚ್ಚಳದ ಬಗ್ಗೆಯೂ ಇದೇ ಬಗೆಯ ಅತಿನಂಬಿಕೆಯಿದೆ. ಅದು ಅಗ್ಗ, ಬದಲಿಸುವುದು ಸುಲಭ; ಅದಕ್ಕೇ ಎಲ್ಲರೂ ಮೊದಲು ಅದನ್ನೇ ಹೇಳುತ್ತಾರೆ. ಸಡಿಲ ಮುಚ್ಚಳದ ವಾಸನೆ ಕಾರಿನ ಪಕ್ಕದಲ್ಲಿ ನಿಂತವರಿಗೆ ಬರುವುದೇ ಹೆಚ್ಚು, ಕಿಟಕಿ ಮುಚ್ಚಿ ಒಳಗೆ ಕುಳಿತವರಿಗಲ್ಲ.

ಈಗ ಹಿಂದಿನ ಸೀಟಿನ ಕೆಳಗೆ. ಬಹಳಷ್ಟು ಕಾರುಗಳಲ್ಲಿ ಸೀಟಿನ ಕುಳಿತುಕೊಳ್ಳುವ ಭಾಗವನ್ನು ಎತ್ತಿದರೆ ತಗಡಿನ ಅಥವಾ ಪ್ಲಾಸ್ಟಿಕ್ಕಿನ ಒಂದು ದುಂಡು ಮುಚ್ಚಳ ಕಾಣುತ್ತದೆ. ಟ್ಯಾಂಕ್ ಎರಡು ಉಬ್ಬುಗಳಾಗಿ ವಿಂಗಡಣೆಯಾಗಿದ್ದರೆ ಎರಡು ಮುಚ್ಚಳಗಳಿರುತ್ತವೆ, ಎರಡನ್ನೂ ನೋಡಬೇಕು. ಕೆಲವು ಕಾರುಗಳಲ್ಲಿ ಈ ಅನುಕೂಲವೇ ಇಲ್ಲ, ಟ್ಯಾಂಕನ್ನೇ ಕೆಳಗಿಳಿಸಬೇಕಾಗುತ್ತದೆ. ಅದು ಮನೆಯಲ್ಲಿ ಮಾಡುವ ಕೆಲಸವಲ್ಲ. ಮುಚ್ಚಳ ತೆಗೆದೊಡನೆ ಪಂಪಿನ ಮೇಲ್ತಟ್ಟೆ, ಅದನ್ನು ಬಿಗಿದಿರುವ ಬಳೆ, ವಿದ್ಯುತ್ ಪ್ಲಗ್ ಮತ್ತು ಒಂದೆರಡು ಪೈಪುಗಳು ಕಾಣುತ್ತವೆ. ಈ ಒಂದು ತಪಾಸಣೆಗೆ ಮಾತ್ರ ಟ್ಯಾಂಕನ್ನು ತುಂಬಿಸಿ, ಕಿಟಕಿ ಇಳಿಸಿಕೊಂಡು ಒಬ್ಬರೇ ಸ್ವಲ್ಪ ದೂರ ತಿರುವುಗಳಿರುವ ರಸ್ತೆಯಲ್ಲಿ ಓಡಿಸಿ ತಂದ ಕೂಡಲೇ ಇದನ್ನು ನೋಡುವುದು ಒಳ್ಳೆಯದು. ತಟ್ಟೆಯ ಅಂಚಿನ ಸುತ್ತ ಒದ್ದೆ ಇದೆಯೇ, ಅಥವಾ ಒಣಗಿದ್ದರೂ ವರ್ಷಗಟ್ಟಲೆ ಕೂತ ಧೂಳು ಒಂದು ಕಡೆ ಮಾತ್ರ ತೊಳೆದುಹೋಗಿದೆಯೇ ಎಂದು ಗಮನಿಸಿ. ಪೆಟ್ರೋಲ್ ಬೇಗ ಆರಿಹೋಗುವುದರಿಂದ ನೆಲಕ್ಕೆ ಹನಿ ಬೀಳದೆಯೂ ತಿಂಗಳುಗಟ್ಟಲೆ ಸೋರಬಹುದು. ಆದರೆ ಧೂಳಿನ ಮೇಲೆ ಅದರ ಗುರುತು ಉಳಿಯುತ್ತದೆ.

ಇಲ್ಲಿ ಎರಡು ಬೇರೆ ಬೇರೆ ದೋಷಗಳನ್ನು ಒಂದೆಂದು ತಿಳಿಯಬಾರದು. ತಟ್ಟೆಯ ಕೆಳಗಿನ ರಬ್ಬರ್ ಸೀಲ್ ಹಾಳಾಗಿದ್ದರೆ, ಮಟ್ಟ ಮೇಲಿದ್ದಾಗ ಪೆಟ್ರೋಲ್ ಅಲುಗಾಡಿ ಸೀಲಿಗೆ ಬಡಿದು ಹೊರಬರುತ್ತದೆ. ನಿಮ್ಮ ವಿವರಣೆ ಇದಕ್ಕೆ ಹೊಂದುತ್ತದೆ. ತಟ್ಟೆಯ ಮೇಲಿನ ಪ್ಲಾಸ್ಟಿಕ್ ಕೊಳವೆಯ ಬುಡದಲ್ಲಿ ಕೂದಲೆಳೆಯಂಥ ಬಿರುಕಿದ್ದರೆ ಅದು ಸೋರುವುದು ಪಂಪಿನ ಒತ್ತಡದಿಂದ. ಆಗ ಟ್ಯಾಂಕಿನ ಮಟ್ಟಕ್ಕೂ ವಾಸನೆಗೂ ಸಂಬಂಧ ಇರುವುದಿಲ್ಲ. ಇಗ್ನಿಷನ್ ಆನ್ ಮಾಡಿ ಪಂಪು ಓಡುವ ಕೆಲವು ಕ್ಷಣಗಳಲ್ಲಿ ಮತ್ತೊಬ್ಬರು ಟಾರ್ಚ್ ಹಿಡಿದು ನೋಡಿದರೆ ಬಿರುಕಿನಲ್ಲಿ ತೇವ ಮೂಡುವುದು ಕಾಣುತ್ತದೆ. ಬಿರಿದ ತಟ್ಟೆಗೆ ಅಂಟು ಹಾಕುವುದು ವ್ಯರ್ಥ. ಪೆಟ್ರೋಲಿನಲ್ಲಿ ಯಾವ ಅಂಟೂ ನಂಬಿಕೆಗೆ ಅರ್ಹವಲ್ಲ, ತಟ್ಟೆಯನ್ನೋ ಇಡೀ ಪಂಪ್ ಜೋಡಣೆಯನ್ನೋ ಬದಲಿಸಬೇಕು. ಇತ್ತೀಚೆಗೆ ಯಾರಾದರೂ ಪಂಪು ಬಿಚ್ಚಿ ಹಾಕಿದ್ದರೆ ಅದನ್ನು ನೆನಪಿಸಿಕೊಳ್ಳಿ, ಏಕೆಂದರೆ ಹಳೆಯ ಸೀಲನ್ನೇ ಮತ್ತೆ ಕೂರಿಸುವುದು ಈ ದೋಷಕ್ಕೆ ಅತಿ ಸಾಮಾನ್ಯ ಕಾರಣಗಳಲ್ಲಿ ಒಂದು. ಪೆಟ್ರೋಲ್ ಹೀರಿ ಉಬ್ಬಿದ ಸೀಲ್ ತನ್ನ ತೋಡಿನಲ್ಲಿ ಮತ್ತೆ ಸರಿಯಾಗಿ ಕೂರುವುದಿಲ್ಲ. ಎಲ್ಲೋ ಒಂದು ಕಡೆ ಮಡಚಿಕೊಳ್ಳುತ್ತದೆ.

ಸೀಲ್ ಬದಲಿಸುವ ಕ್ರಮ ಕಷ್ಟದ್ದಲ್ಲ, ಆದರೆ ಎಚ್ಚರಿಕೆ ಬೇಡುತ್ತದೆ. ಟ್ಯಾಂಕ್ ಕಾಲುಭಾಗಕ್ಕಿಂತ ಕಡಿಮೆ ಇರಲಿ. ಕಾರು ಬಯಲಿನಲ್ಲಿ, ಬಾಗಿಲುಗಳೆಲ್ಲ ತೆರೆದು ನಿಂತಿರಲಿ, ಪಕ್ಕದಲ್ಲಿ ಒಣಪುಡಿಯ ಅಗ್ನಿಶಾಮಕ ಇರಲಿ. ಎಂಜಿನ್ ಓಡುತ್ತಿರುವಾಗಲೇ ಪಂಪಿನ ಫ್ಯೂಸ್ ತೆಗೆದರೆ ಸ್ವಲ್ಪ ಹೊತ್ತಿನಲ್ಲಿ ಎಂಜಿನ್ ತಾನಾಗಿ ನಿಲ್ಲುತ್ತದೆ, ಪೈಪಿನ ಒತ್ತಡ ಇಳಿಯುತ್ತದೆ; ಸಾಮಾನ್ಯ ಇಂಜೆಕ್ಷನ್ ವ್ಯವಸ್ಥೆಯಲ್ಲಿ ಈ ಒತ್ತಡ 3ರಿಂದ 4 ಬಾರ್ ಇದ್ದು, ಕಾರು ಆರಿಸಿದ ಮೇಲೂ ಬಹಳ ಹೊತ್ತು ಉಳಿದಿರುತ್ತದೆ. ಆಮೇಲೆ ಬ್ಯಾಟರಿಯ ನೆಗೆಟಿವ್ ತಂತಿಯನ್ನು ಬಿಚ್ಚಬೇಕು. ಪೈಪಿನ ಜೋಡಣೆ ಬಿಡಿಸುವಾಗ ಸುತ್ತ ಬಟ್ಟೆ ಹಿಡಿದಿರಬೇಕು. ಬಳೆ ಬಿಚ್ಚುವ ಮುಂಚೆ ಸುತ್ತಲಿನ ಮಣ್ಣನ್ನೆಲ್ಲ ಒರೆಸಿ ತೆಗೆಯಿರಿ, ಇಲ್ಲದಿದ್ದರೆ ಅದು ಟ್ಯಾಂಕಿನೊಳಗೆ ಬಿದ್ದು ಪಂಪಿನ ಜಾಲರಿ ಕಟ್ಟಿಕೊಳ್ಳುವಂತೆ ಮಾಡುತ್ತದೆ. ಲೋಹದ ಬಳೆಯನ್ನು ಉಕ್ಕಿನ ಉಳಿ ಇಟ್ಟು ಬಡಿಯಬಾರದು. ಕಿಡಿ ಹಾರದ ಹಿತ್ತಾಳೆಯ ತುಂಡನ್ನು ಬಳಸಬೇಕು. ಹೊಸ ಸೀಲನ್ನು ಒಣದಾಗಿ, ತಿರುಚಿಕೊಳ್ಳದಂತೆ ಕೂರಿಸಿ, ತಟ್ಟೆಯ ಮೇಲಿನ ಬಾಣದ ಗುರುತು ಟ್ಯಾಂಕಿನ ಗುರುತಿಗೆ ಎದುರಾಗುವಂತೆ ಇಟ್ಟು ಬಳೆ ಬಿಗಿಯಬೇಕು. ಭದ್ರತೆಗೆಂದು ಸಾಮಾನ್ಯ ಸಿಲಿಕೋನ್ ಸವರುವವರಿದ್ದಾರೆ. ಪೆಟ್ರೋಲ್ ಅದನ್ನು ಮೆತ್ತಗೆ ಮಾಡಿ ಕಿತ್ತುಹಾಕುತ್ತದೆ; ಅದರ ಚೂರುಗಳು ಪಂಪಿನ ಜಾಲರಿಗೆ ಸೇರುತ್ತವೆ. ಟ್ಯಾಂಕಿಗೆ ವೆಲ್ಡಿಂಗ್ ಮಾಡಿಸುವ ಯೋಚನೆಯಂತೂ ಬೇಡವೇ ಬೇಡ. ಖಾಲಿ ಟ್ಯಾಂಕಿನೊಳಗೂ ಹೊತ್ತಿಕೊಳ್ಳುವಷ್ಟು ಆವಿ ಉಳಿದಿರುತ್ತದೆ.

ಪಂಪಿನ ತಟ್ಟೆ ಒಣಗಿದ್ದು ಧೂಳು ಕದಡದೆ ಇದ್ದರೆ ಮುಂದಿನ ಅನುಮಾನ ತುಂಬಿಸುವ ಕೊಳವೆಯ ಮೇಲೆ. ಮುಚ್ಚಳದಿಂದ ಟ್ಯಾಂಕಿಗೆ ಹೋಗುವ ಲೋಹದ ಕೊಳವೆ ಹಿಂದಿನ ಚಕ್ರದ ಗೂಡಿನಲ್ಲಿ ಹಾದುಹೋಗುವುದರಿಂದ ಅಲ್ಲಿ ಸಿಡಿಯುವ ಕೆಸರಿಗೆ ತುಕ್ಕು ಹಿಡಿಯುತ್ತದೆ, ಅದರ ಕೊನೆಯ ರಬ್ಬರ್ ಹೋಸ್ ವರ್ಷಗಳು ಕಳೆದಂತೆ ಬಿರುಕುಬಿಡುತ್ತದೆ. ಇದೂ ತುಂಬಿದಾಗಲೇ ಸೋರುವಂಥದ್ದು, ಆದರೆ ಇದರಲ್ಲಿ ತುಂಬಿಸುತ್ತಿರುವಾಗಲೇ ಚಕ್ರದ ಬಳಿ ತೇವ ಕಾಣುವ ಸಾಧ್ಯತೆ ಹೆಚ್ಚು. ಟ್ಯಾಂಕಿನ ಮೇಲಿರುವ ಆವಿಯ ಸಣ್ಣ ಹೋಸುಗಳನ್ನು ಇಲಿಗಳು ಕಡಿದಿರುವುದೂ ಉಂಟು. ಹೋಸ್ ಬದಲಿಸುವಾಗ ನೀರಿನದೋ ಗಾಳಿಯದೋ ಪೈಪು ಹಾಕದೆ ಇಂಧನಕ್ಕೆಂದೇ ತಯಾರಾದದ್ದನ್ನು ಹಾಕಬೇಕು; ಒತ್ತಡದ ಮಾರ್ಗಕ್ಕಾದರೆ ಎಸ್‌ಎಇ ಜೆ30 ಆರ್9 ಎಂದು ಮೇಲೆ ಅಚ್ಚಾಗಿರುವ ದರ್ಜೆಯದು ಬೇಕು. ಟ್ಯಾಂಕಿನ ಒಳಗೆ ಮುಳುಗಿರುವ ಹೋಸಿಗೆ ಆರ್10 ಎಂಬ ಬೇರೆಯೇ ದರ್ಜೆಯಿದೆ, ಏಕೆಂದರೆ ಅದರ ಹೊರಮೈಯೂ ಸದಾ ಪೆಟ್ರೋಲಿನಲ್ಲಿರುತ್ತದೆ.

ಮೂರನೆಯದು ಇದ್ದಿಲಿನ ಕ್ಯಾನಿಸ್ಟರ್. ಬಂಕಿನಲ್ಲಿ ಗನ್ ತಾನಾಗಿ ನಿಂತ ಮೇಲೂ ಮತ್ತೆ ಮತ್ತೆ ಒತ್ತಿ ತುಂಬಿಸುವ ಅಭ್ಯಾಸವಿದ್ದರೆ, ಆವಿಗೆಂದು ಬಿಟ್ಟಿರುವ ಜಾಗವೂ ತುಂಬಿ ದ್ರವ ಪೆಟ್ರೋಲೇ ಕ್ಯಾನಿಸ್ಟರಿಗೆ ಹರಿಯುತ್ತದೆ. ನೆನೆದ ಇದ್ದಿಲು ಆವಿಯನ್ನು ಹಿಡಿಯುವ ಶಕ್ತಿ ಕಳೆದುಕೊಳ್ಳುತ್ತದೆ, ಬಿಸಿಲೇರಿದಾಗ ವಾಸನೆ ಬಿಡುತ್ತದೆ. ತುಂಬಿಸಿದ ಕೂಡಲೇ ಎಂಜಿನ್ ಸ್ಟಾರ್ಟ್ ಆಗಲು ತಿಣುಕಿದರೆ ಪರ್ಜ್ ವಾಲ್ವ್ ತೆರೆದೇ ಉಳಿದಿದೆ ಎಂದು ಸಂಶಯಿಸಬಹುದು. ಬಿಚ್ಚಿ ತೆಗೆದ, ವಿದ್ಯುತ್ ಇಲ್ಲದ ಪರ್ಜ್ ವಾಲ್ವಿನಲ್ಲಿ ಗಾಳಿ ಹಾಯಬಾರದು, ಹಾಯ್ದರೆ ಅದು ಕೆಟ್ಟಿದೆ. ಕ್ಯಾನಿಸ್ಟರಿನ ಹೊರಬಾಯಿಯ ವೆಂಟ್ ವಾಲ್ವ್ ಇದಕ್ಕೆ ತದ್ವಿರುದ್ಧ, ಅದು ಸಾಮಾನ್ಯವಾಗಿ ವಿದ್ಯುತ್ ಇಲ್ಲದಾಗ ತೆರೆದಿರುತ್ತದೆ. ಈ ವ್ಯತ್ಯಾಸ ತಿಳಿಯದೆ ಸರಿಯಿರುವ ವಾಲ್ವನ್ನು ಬದಲಿಸಿ ದುಡ್ಡು ಕಳೆದುಕೊಂಡವರು ಕಡಿಮೆಯಿಲ್ಲ.

ಕಣ್ಣಿಗೆ ಏನೂ ಕಾಣದಿದ್ದಾಗ ಆವಿ ಮಾರ್ಗಕ್ಕೆ ಹೊಗೆ ಪರೀಕ್ಷೆ ಮಾಡಿಸುವುದು ಉತ್ತಮ. ಸುಮಾರು 0.03 ಬಾರ್‌ನಷ್ಟು ಅತ್ಯಲ್ಪ ಒತ್ತಡದಲ್ಲಿ ಹೊಗೆ ತುಂಬಿಸಿದರೆ ಸೋರುವ ಜಾಗದಲ್ಲಿ ಅದರ ಎಳೆ ಹೊರಡುತ್ತದೆ. ಆ ಯಂತ್ರ ಇಲ್ಲದ ಗ್ಯಾರೇಜಿನಲ್ಲಿಯೂ ಹೊಗೆ ಮಾಲಿನ್ಯ ಅಳೆಯುವ ಯಂತ್ರ ಇರಬಹುದು. ಅದರ ಕೊಳವೆಯನ್ನು ಜೋಡಣೆಗಳ ಬಳಿ ನಿಧಾನವಾಗಿ ಆಡಿಸಿದರೆ ಹೈಡ್ರೋಕಾರ್ಬನ್ ಅಂಕಿ ಎಲ್ಲಿ ಜಿಗಿಯುತ್ತದೋ ಅಲ್ಲಿ ಸೋರಿಕೆ ಇದೆ. ಗ್ಯಾರೇಜಿನ ಗಾಳಿಯನ್ನು ಕಂಪ್ರೆಸರಿನಿಂದ ನೇರವಾಗಿ ಟ್ಯಾಂಕಿಗೆ ಊದಿ ಪರೀಕ್ಷಿಸಲು ಮಾತ್ರ ಬಿಡಬೇಡಿ. ಟ್ಯಾಂಕ್ ಆ ಒತ್ತಡಕ್ಕೆ ಮಾಡಿದ್ದಲ್ಲ.

ನಿಮ್ಮಂತಲ್ಲದೆ ಮುಂಭಾಗದಿಂದ ವಾಸನೆ ಬರುವವರಿಗಾಗಿ ಚಿಕ್ಕದಾಗಿ ಹೇಳುತ್ತೇನೆ. ತಣ್ಣನೆಯ ಎಂಜಿನ್ ಸ್ಟಾರ್ಟ್ ಮಾಡಿ ಇಂಜೆಕ್ಟರುಗಳ ಬುಡ, ಅವುಗಳಿಗೆ ಪೆಟ್ರೋಲ್ ಹಂಚುವ ಕೊಳವೆಯಾದ ಪೆಟ್ರೋಲ್ ರೈಲಿನ ಜೋಡಣೆ ಮತ್ತು ಫಿಲ್ಟರಿನ ಕ್ಲಿಪ್ಪುಗಳನ್ನು ನೋಡಬೇಕು. ಪೆಟ್ರೋಲಿನ ಒತ್ತಡವನ್ನು ಹತೋಟಿಯಲ್ಲಿಡುವ, ನಿರ್ವಾತ ಹೋಸ್ ಇರುವ ಹಳೆಯ ಬಗೆಯ ಪ್ರೆಷರ್ ರೆಗ್ಯುಲೇಟರ್ ಇದ್ದರೆ ಆ ಹೋಸನ್ನು ಕಿತ್ತು ನೋಡಿ, ಒಳಗೆ ಪೆಟ್ರೋಲ್ ಇದ್ದರೆ ರೆಗ್ಯುಲೇಟರಿನ ಪೊರೆ ಹರಿದಿದೆ. ಆಯಿಲ್ ಅಳೆಯುವ ಕಡ್ಡಿಯಲ್ಲಿ ಪೆಟ್ರೋಲ್ ವಾಸನೆ ಬಂದು ಮಟ್ಟವೂ ಏರಿದ್ದರೆ ಇಂಜೆಕ್ಟರ್ ಸಿಲಿಂಡರಿನ ಒಳಗೇ ಸೋರುತ್ತಿದೆ. ತೆಳುವಾದ ಆಯಿಲಿನಲ್ಲಿ ಎಂಜಿನ್ ಓಡಿಸುವುದು ಬೇರಿಂಗುಗಳಿಗೆ ಕುತ್ತು. ವಾಸನೆಯೊಂದಿಗೆ ಎಂಜಿನ್ ಮಿಸ್ ಹೊಡೆಯುತ್ತಿದ್ದರೆ ಅದು ಸೋರಿಕೆಯಲ್ಲ, ಉರಿಯದೆ ಹೊರಬಂದ ಪೆಟ್ರೋಲ್. ಆ ಅನಿಲ ಒಳಗೆ ಬರುತ್ತಿದೆಯೆಂದರೆ ವಾಸನೆಯೇ ಇಲ್ಲದ ಕಾರ್ಬನ್ ಮಾನಾಕ್ಸೈಡ್ ಕೂಡ ಅದರ ಜೊತೆ ಬರುತ್ತಿದೆಯೆಂದೇ ತಿಳಿದು, ಡಿಕ್ಕಿಯ ರಬ್ಬರ್ ಪಟ್ಟಿ ಮತ್ತು ಹಿಂದಿನ ಬಂಪರಿನೊಳಗಿನ ಗಾಳಿಕಿಂಡಿಗಳನ್ನು ತಕ್ಷಣ ಪರೀಕ್ಷಿಸಬೇಕು. ಕಾರ್ಬ್ಯುರೇಟರ್ ಇರುವ ಹಳೆಯ ಕಾರುಗಳ ಲೆಕ್ಕವೇ ಬೇರೆ. ಬಿಸಿ ಎಂಜಿನ್ ಆರಿಸಿದ ಮೇಲೆ ಸ್ವಲ್ಪ ವಾಸನೆ ಬರುವುದು ಅವುಗಳ ಸ್ವಭಾವ.

ದುರಸ್ತಿಯಾದ ಮೇಲೂ ಕೆಲವು ದಿನ ವಾಸನೆ ಉಳಿದರೆ ಕೆಲಸ ಕೆಟ್ಟಿತೆಂದು ಭಾವಿಸಬೇಡಿ. ಸೀಟಿನ ಸ್ಪಂಜು ಮತ್ತು ನೆಲಹಾಸು ಆವಿಯನ್ನು ಹೀರಿಕೊಂಡಿರುತ್ತವೆ. ಅವುಗಳನ್ನು ಹೊರತೆಗೆದು ಗಾಳಿಯಾಡುವ ಕಡೆ ಇಡಿ. ಅಡುಗೆ ಸೋಡಾ ಉದುರಿಸಿ ಒಂದು ರಾತ್ರಿ ಬಿಟ್ಟು ಕೊಡವಿದರೆ ಇನ್ನಷ್ಟು ತಗ್ಗುತ್ತದೆ. ಪೆಟ್ರೋಲ್ ತಾಗಿದ ಜಾಗದಲ್ಲಿ ವ್ಯಾಕ್ಯೂಮ್ ಕ್ಲೀನರ್ ಬಳಸಬಾರದು, ಅದರ ಮೋಟರಿನ ಕಿಡಿ ಸಾಕು. ಸುಗಂಧದ ಡಬ್ಬಿಯನ್ನಂತೂ ಈಗ ಇಡಲೇಬೇಡಿ. ದೋಷ ಮರಳಿ ಬಂದರೆ ನಿಮಗೆ ತಿಳಿಸಬೇಕಾದದ್ದು ಆ ವಾಸನೆಯೇ.

ಕೊನೆಯ ಪರೀಕ್ಷೆಯನ್ನು ಹೀಗೆ ಮಾಡಿ. ಸೀಟನ್ನು ಮತ್ತೆ ಕೂರಿಸುವ ಮುಂಚೆ ಟ್ಯಾಂಕನ್ನು ಗನ್ ಮೊದಲ ಸಲ ತಾನಾಗಿ ನಿಲ್ಲುವವರೆಗೆ ತುಂಬಿಸಿ, ಏರಿಳಿತ ಮತ್ತು ತಿರುವುಗಳಿರುವ ದಾರಿಯಲ್ಲಿ ಅರ್ಧ ಗಂಟೆ ಓಡಿಸಿ ತನ್ನಿ. ಪಂಪಿನ ತಟ್ಟೆಯ ಸುತ್ತ ಒಣ ಕಾಗದವನ್ನು ಒತ್ತಿ ನೋಡಿ. ಕಾಗದ ಒಣದಾಗಿಯೇ ಬಂದು, ರಾತ್ರಿ ಮುಚ್ಚಿಟ್ಟ ಕಾರಿನ ಬಾಗಿಲನ್ನು ಬೆಳಿಗ್ಗೆ ತೆರೆದಾಗ ಸೀಟಿನ ಅಡಿಯಲ್ಲಿ ಹೊಸದಾಗಿ ವಾಸನೆ ಇಲ್ಲದಿದ್ದರೆ ಸೀಟು ಜೋಡಿಸಬಹುದು. ಕಾಗದ ಒಣದಾಗಿದ್ದೂ ವಾಸನೆ ಹಾಗೆಯೇ ಇದ್ದರೆ ತುಂಬಿಸುವ ಕೊಳವೆ ಮತ್ತು ಕ್ಯಾನಿಸ್ಟರಿಗೆ ಹೊಗೆ ಪರೀಕ್ಷೆ ಮಾಡಿಸಿ.